ಸಮಸ್ಯೆ: ಯಾಳಿಯ ಬಾಯೊಳಗೆ ಗುಬ್ಬಿಮರಿಗಳ್ ನಲಿಗುಂ

ಗಂಗಾವತಿ: ಯಾಳಿಯೆಂದರೆ ಗುಡಿಯ ಕಂಬಗಳಲ್ಲಿ ಆನೆಯನ್ನೇ ತುಳಿದು ನಿಲ್ಲುವ ಕಲ್ಲಿನ ಮೃಗ. ಅದರ ಬಾಯಲ್ಲಿ ಗುಬ್ಬಿಮರಿಗಳು ನಲಿಯುವುದು ಹೇಗೆಂಬುದನ್ನು ಕವಿಗಳು, ಮೇಲಿನ ಸಾಲೇ ಕೊನೆಯ ಸಾಲಾಗುವಂತೆ, ನಾಲ್ಕು ಸಾಲಿನ ಕಂದಪದ್ಯದಲ್ಲಿ ಹೇಳಬೇಕು. ಸಿರುಗುಪ್ಪದವರು ಈ ಸಲವೂ ಗದ್ಯದಲ್ಲಿ ಸಮಜಾಯಿಷಿ ಕೊಟ್ಟು ಜಾರಿಕೊಳ್ಳಬಾರದೆಂದು ವಿನಂತಿ.

ಸಿರುಗುಪ್ಪ: ಹಂಪೆಯ ವಿಠ್ಠಲನ ಗುಡಿಯ ಕಂಬಗಳನ್ನು ನೆನೆದು ಬರೆದಿದ್ದೇನೆ.

ಬಾಳಿಗೆ ನೆಲೆಯಂ ಬಯಸುತೆ
ಗಾಳಿಯೊಳಲೆದಲೆದು ಗೂಡು ಕಟ್ಟಿದ ತಾಯ್ ತಾಂ
ವೇಳೆಗೆ ಗುಟುಕಂ ನೀಡಲ್
ಯಾಳಿಯ ಬಾಯೊಳಗೆ ಗುಬ್ಬಿಮರಿಗಳ್ ನಲಿಗುಂ

ಮಾನ್ವಿ: ಗುಟುಕು ಸೊಗಸಾಗಿದೆ, ಪ್ರಾಸ ಕೆಟ್ಟಿದೆ. ನಾಲ್ಕು ಸಾಲಿನಲ್ಲೂ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕಲ್ಲ. ‘ಬಾಳು’ ಮೂಲದಲ್ಲಿ ರಳವೆಂಬ ಹಳಗನ್ನಡದ ೞಕಾರವುಳ್ಳ ‘ಬಾೞ್’. ತಮಿಳರು ತಮ್ಮ ‘ವಾೞ್’ನಲ್ಲಿ ಆ ಅಕ್ಷರವನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಯಾಳಿಯ ಳಕಾರ ಅದಲ್ಲ. ಹಳಗನ್ನಡದ ವೈಯಾಕರಣ ಕೇಶಿರಾಜ ಇದನ್ನು ಒಪ್ಪುತ್ತಿರಲಿಲ್ಲ.

ಸಿರುಗುಪ್ಪ: ಹೋದ ಸಲ ನನ್ನ ಗಣಗಳನ್ನು ಎಣಿಸಿ ಸೋತ ರಾಯರು ಈಗ ಪ್ರಾಸಕ್ಕೆ ಇಳಿದಿದ್ದಾರೆ. ರಳ, ಕನ್ನಡದ್ದೇ ಳಕಾರವಾದ ಕುಳ, ಸಂಸ್ಕೃತದ ಲಕಾರದಿಂದ ಬಂದ ಕ್ಷಳ, ಇವುಗಳ ಕಟ್ಟನ್ನು ನಮ್ಮ ಹಂಪೆಯ ಕವಿ ಹರಿಹರನೇ ಸಡಿಲಿಸಿದ ಮೇಲೆ ನನಗೇಕೆ ಈ ಬೇಡಿ?

ಮಾನ್ವಿ: ‘ನಲಿಗುಂ’ ಎಂಬ ಹಳಗನ್ನಡದ ಸಮಸ್ಯೆಯನ್ನು ಕೈಗೆತ್ತಿಕೊಂಡು, ಪ್ರಾಸದ ಹೊತ್ತಿಗೆ ಮಾತ್ರ ನಡುಗನ್ನಡದ ರಿಯಾಯಿತಿ ಕೇಳುವುದು ಯಾವ ನ್ಯಾಯ?

ಕುಷ್ಟಗಿ: ‘ಕೂಳಿಗೆ ಪುಳುವಂ ಬಯಸುತೆ’ ಎಂದು ತಿದ್ದಿದರೆ ಜಗಳ ಮುಗಿಯುವುದಿಲ್ಲವೆ?

ಮಾನ್ವಿ: ಕೂಳೂ ‘ಕೂೞ್’ ಅಲ್ಲವೆ, ತಮ್ಮಾ? ಬಾವಿಯಿಂದೆತ್ತಿ ಕೆರೆಗೆ ಹಾಕಿದಂತಾಯಿತು.

ಸಂಡೂರು: ಯಾಳಿಯ ಹುಟ್ಟನ್ನೇ ವಿಚಾರಿಸೋಣ. ಸಂಸ್ಕೃತದ ‘ವ್ಯಾಲ’ದಿಂದ ಬಂದಿದ್ದರೆ ಅದು ಕ್ಷಳ. ಆ ಶಬ್ದಕ್ಕೆ ಅಮರಕೋಶದಲ್ಲಿ ಹಾವು, ಕ್ರೂರಮೃಗ, ವಂಚಕ ಎಂಬ ಅರ್ಥಗಳಿವೆ. ಶಿಲ್ಪಿಗಳು ಸಿಂಹಮುಖದ್ದನ್ನು ಸಿಂಹವ್ಯಾಲವೆಂದೂ ಸೊಂಡಿಲುಳ್ಳದ್ದನ್ನು ಗಜವ್ಯಾಲವೆಂದೂ ಕರೆಯುತ್ತಾರೆ.

ಗಂಗಾವತಿ: ವ್ಯವಸಾಯವನ್ನು ಬೇಸಾಯವೆಂದೂ ವ್ಯವಹಾರವನ್ನು ಬೇಹಾರವೆಂದೂ ಮಾಡಿಕೊಂಡ ಕನ್ನಡದ ಬಾಯಿ, ವ್ಯಾಲದ ವಕಾರವನ್ನು ಸದ್ದಿಲ್ಲದೆ ನುಂಗಿ ಯಾಳಿ ಎಂದೀತೆ? ಹಳೆಯ ತಮಿಳಿನಲ್ಲಿ ಸಿಂಹದಂಥ ಮೃಗಕ್ಕೆ ‘ಆಳಿ’, ‘ಯಾಳಿ’ ಎಂಬ ಎರಡು ರೂಪಗಳೂ ಇವೆ. ಆದ್ದರಿಂದ ಶಬ್ದ ದ್ರಾವಿಡವೆಂದೂ, ಒಂದೇ ಕಂಬದ ಮೃಗಕ್ಕೆ ಎರಡೂ ಹೆಸರು ಸಂದು, ದನಿಯೂ ಹತ್ತಿರವಾದದ್ದರಿಂದ ಪಂಡಿತರು ಒಂದನ್ನು ಇನ್ನೊಂದರ ಮಗುವೆಂದರೆಂದೂ ನನ್ನ ಎಣಿಕೆ.

ಸಂಡೂರು: ಎಣಿಕೆ ನಿಮ್ಮದು. ಶಿಲ್ಪದ ಪರಂಪರೆ ನನ್ನ ಕಡೆಗಿದೆ.

ಮಾನ್ವಿ: ನಿಮ್ಮಿಬ್ಬರಲ್ಲಿ ಯಾರು ಗೆದ್ದರೂ ಅದು ಕುಳ, ಇಲ್ಲವೇ ಕ್ಷಳ. ರಳವಂತೂ ಅಲ್ಲ.

ಕುಷ್ಟಗಿ: ಹಿರಿಯರು ಮನ್ನಿಸಬೇಕು.

ವ್ಯಾಳಂ ಪಾವೆಂದೊರ್ವಂ
ತಾಳದೆ ಮೃಗಮೆಂದನೊರ್ವನಿರ್ವರ ಜಗಳಂ
ಕೇಳುತೆ ಕಿಲಕಿಲ ನಗುತುಂ
ಯಾಳಿಯ ಬಾಯೊಳಗೆ ಗುಬ್ಬಿಮರಿಗಳ್ ನಲಿಗುಂ

ಗಂಗಾವತಿ: ನಿರ್ದೋಷವಾಗಿದೆ.

ಮಾನ್ವಿ: ಒಪ್ಪಿದೆ. ಸಿರುಗುಪ್ಪದವರು ‘ಬಾಳಿಗೆ’ಯನ್ನು ತಿದ್ದಿದರೆ ಅವರದನ್ನೂ ಒಪ್ಪುತ್ತೇನೆ.

ಸಿರುಗುಪ್ಪ: ಮೊದಲು ಹರಿಹರನನ್ನು ತಿದ್ದಿ ಬನ್ನಿ, ರಾಯರೆ. ಮಾನ್ವಿಯಿಂದ ಹಂಪೆಗೆ ಬಸ್ಸು ಸಿಗುತ್ತದೆ.