ಕಬ್ಬೂ ನಮ್ದ, ಪೆಟ್ರೋಲಿನಾಗಿನ ಎಥೆನಾಲೂ ನಮ್ದ: ಹಳೇ ಕಾರು ಇಟ್ಕೋಬೇಕೋ, ಬ್ಯಾಟರಿ ಗಾಡಿಗೆ ಹೋಗಬೇಕೋ?

ಕಬ್ಬಿನಪಡ_ಮುಧೋಳ ಕೇಳಿದ್ದು:

ಎಲ್ಲಾರಿಗೂ ಶರಣ್ರಿ. ನಂದು 2013ರ ಸಣ್ಣ ಪೆಟ್ರೋಲ್ ಕಾರು. ಊರಿಂದ ಮುಧೋಳದಾಗಿನ ನಮ್ಮ ಗೊಬ್ಬರದ ಅಂಗಡಿಗೆ ದಿನಾ ಹೋಗಿ ಬರೋದು, ಆಗೊಮ್ಮೆ ಈಗೊಮ್ಮೆ ಬಾಗಲಕೋಟಿ, ಅಪ್ಪಾರ ಹಾರ್ಟ್ ಚೆಕಪ್ಪಿಗೆ ಮಿರಜ. ಇಷ್ಟ ಅದರ ಕೆಲಸ. ಇಂಜಿನ್ ಗಟ್ಟಿ ಐತಿ, ಬಾಡಿಗೆ ಜಂಗು ಹಿಡದಿಲ್ಲ. ಆದ್ರ ಹದಿನೇಳು-ಹದಿನೆಂಟು ಕೊಡ್ತಿದ್ದ ಮೈಲೇಜು ಈಗ ಹದಿನಾರಕ್ಕ ಬಂದು ನಿಂತೈತಿ. ಮುಂಜಾನೆ ಚಾಲೂ ಮಾಡಿದ್ರ ಒಂದೆರಡು ಸಲ ಗುರ್ ಗುರ್ ಅಂದು ಆಮ್ಯಾಲೆ ಹಿಡೀತೈತಿ. ಪಂಪಿನಾಂವನ ಕೇಳಿದ್ರ "ಈಗೆಲ್ಲಾ ಕಡೆ ಇ20 ರೀ ಸಾವಕಾರ್ರ, ಬ್ಯಾರೆ ಎಲ್ಲಿ ಸಿಗತೈತಿ" ಅಂತಾನ. ಇ20 ಅಂದ್ರ ನೂರಕ್ಕ ಇಪ್ಪತ್ತು ಪಾಲು ಎಥೆನಾಲ್ ಕೂಡಿಸಿದ ಪೆಟ್ರೋಲ್.

ನನ್ನ ಸಂಕಟ ಇನ್ನೊಂದೈತ್ರಿ. ಆ ಇಪ್ಪತ್ತು ಪಾಲು ಬಂದದ್ದು ನಮ್ಮಂಥವರ ಹೊಲದಿಂದ. ಕಬ್ಬಿನ ಹಾಲಿನಿಂದ ತಗದ ಎಥೆನಾಲಿಗೆ ಸರ್ಕಾರ ಲೀಟರಿಗೆ 65 ರೂಪಾಯಿ 61 ಪೈಸೆ ದರ ಕಟ್ಟೈತಿ. ಒಂದು ಟನ್ ಕಬ್ಬಿಗೆ ಸುಮಾರು 70 ಲೀಟರ್ ಇಳೀತೈತಿ. ಗುಣಿಸಿ ನೋಡ್ರಿ, ನಾಕೂವರಿ ಸಾವಿರ ದಾಟತೈತಿ. ರೈತರು 2025ರ ನವೆಂಬರಿನಾಗ ಗುರ್ಲಾಪುರ ಕ್ರಾಸಿನಾಗ ರಸ್ತೆ ಮ್ಯಾಲೆ ಕುಂತ ಮ್ಯಾಲೆ ಟನ್ನಿಗೆ 3,300 ಅಂತ ಆತು. ಫ್ಯಾಕ್ಟರಿಗೂ ಖರ್ಚು ಇರ್ತಾವ, ಇಲ್ಲ ಅನ್ನಂಗಿಲ್ಲ. ಆದ್ರೂ ಕೊಡುವಾಗ ರೇಟು ಕಡಿಮಿ, ಅದ ಮಾಲು ತಿರುಗಿ ನನ್ನ ಟ್ಯಾಂಕಿಗೆ ಬಂದಾಗ ಮೈಲೇಜು ಕಡಿಮಿ. ಎರಡೂ ಕಡೆ ನಮಗ ಏಟು!

ಪುಣೆದಾಗಿರೋ ಮಗ "ಬ್ಯಾಟರಿ ಕಾರು ತಗೋರಿ" ಅಂತಾನ. ನಮ್ಮ ಅಳಿಯಾ ಸಿಎನ್‌ಜಿ ಕಿಟ್ ಹಾಕಸು ಅಂತಾನ. ನೀವೇನಂತೀರಿ?

ಸ್ಪ್ಯಾನರ್_ಜಮಖಂಡಿ:

ಅಣ್ಣಾರ, ಮೈಲೇಜಿನ ಲೆಕ್ಕ ಮೊದಲ ಮುಗಸೋಣು. ಲೀಟರ್ ಎಥೆನಾಲಿನ್ಯಾಗ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮಿ. ಇಪ್ಪತ್ತು ಪರ್ಸೆಂಟ್ ಕೂಡಿಸಿದ್ರ ನೂರಕ್ಕ ಆರೇಳು ಹೋಗತೈತಿ. ನೀತಿ ಆಯೋಗದವರು 2021ರ ವರದಿ ಒಳಗ ಹಳೇ ಕಾರಿಗೆ 6ರಿಂದ 7 ಪರ್ಸೆಂಟ್ ಅಂತ ಬರದಾರ. ನಿಮ್ಮದು ಹದಿನೇಳೂವರಿಯಿಂದ ಹದಿನಾರಕ್ಕ ಬಂದಿದ್ರ ಅದಕ್ಕಿಂತ ತುಸು ಜಾಸ್ತಿ ಇಳದೈತಿ. ಉಳದದ್ದು ಪ್ಲಗ್ಗು, ಏರ್ ಫಿಲ್ಟರು, ಟೈರಿನ ಗಾಳಿ ನೋಡ್ರಿ. ಎಲ್ಲಾ ಪಾಪ ಎಥೆನಾಲಿನ ತಲಿ ಮ್ಯಾಲೆ ಹಾಕಬ್ಯಾಡ್ರಿ.

ಮುಂಜಾನೆ ಗುರ್ ಗುರ್ ಅನ್ನೋದು ಬ್ಯಾರೆ ಸುದ್ದಿ. ಎಥೆನಾಲ್ ನೀರು ಎಳ್ಕೋತೈತಿ. ಕಾರು ಭಾಳ ದಿನ ನಿಂತು, ಟ್ಯಾಂಕು ಅರ್ಧಕ್ಕಿಂತ ಕಡಿಮಿ ಇದ್ರ ಮಳಿಗಾಲದಾಗ ಒಳಗಿನ ಗಾಳಿ ತೇವ ಎಲ್ಲಾ ಅದಕ್ಕ. ನೀರು ಜಾಸ್ತಿ ಆತಂದ್ರ ಎಥೆನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೋಡಿ ತಳಕ್ಕ ಕುಂದರತೈತಿ. ಟ್ಯಾಂಕಿನ ತಳದ್ದು ಒಂದು ಲೋಟದಷ್ಟು ಗಾಜಿನ ಬಾಟ್ಲಿಗೆ ತಗಿಸಿ ನೆರಳಿನಾಗ ಇಡ್ರಿ. ಸ್ವಲ್ಪ ಹೊತ್ತಿನ್ಯಾಗ ನಡುವ ಗೆರಿ ಬಿದ್ರ ನೀರೈತಿ ಅಂತ ಅರ್ಥ, ಟ್ಯಾಂಕು ತೊಳಸಬೇಕು. ಗೆರಿ ಇಲ್ಲಂದ್ರ ಕಾರಿನೊಳಗಿನ ಪೆಟ್ರೋಲ್ ಪಂಪಿನ ಪ್ರೆಶರ್ ನೋಡಸ್ರಿ.

ಇನ್ನ ರಬ್ಬರ್ ಪೈಪು. 2023ರ ಏಪ್ರಿಲ್ ಆದಮ್ಯಾಲೆ ಬಂದ ಗಾಡಿಗಳೊಳಗ ಇ20ಗೆ ತಡಿಯೋ ಪೈಪು, ಸೀಲು ಇರ್ತಾವ. ನಿಮ್ಮವು ಹಳೇವು. ಬಾನೆಟ್ ತಗದು ಪೈಪ್ ಉಗುರಿನಿಂದ ಹಿಸುಕಿ ನೋಡ್ರಿ, ಮೆತ್ತಗಾಗಿ ಅಂಟಿದ್ರೂ ಬದಲಿಸ್ರಿ, ಗಟ್ಟಿಯಾಗಿ ಸೀಳು ಬಿಟ್ಟಿದ್ರೂ ಬದಲಿಸ್ರಿ. ಸೀಳಿನಿಂದ ಪೆಟ್ರೋಲ್ ಜಿನುಗಿ ಬಿಸಿ ಇಂಜಿನ್ ಮ್ಯಾಲೆ ಬಿದ್ರ ಆಟ ಅಲ್ಲ. ಇದೆಲ್ಲಾ ಕೂಡಿದ್ರೂ ಕಾರು ಮಾರೂವಷ್ಟು ಖರ್ಚಲ್ಲ.

ಗುಮ್ಮಟನಗರಿ:

ನಾನು ವಿಜಯಪುರದಾಗ ಬ್ಯಾಟರಿ ಕಾರು ಓಡಸಾಂವ. ಚಂದ ಐತಿ, ಸಪ್ಪಳ ಇಲ್ಲ. ಒಂದು ಯುನಿಟ್ಟಿಗೆ ಆರೇಳು ಕಿಲೋಮೀಟರ್. ಯುನಿಟ್ಟು ಆರು ರೂಪಾಯಿ ಅಂತ ಹಿಡದ್ರ ಕಿಲೋಮೀಟರಿಗೆ ಒಂದು ರೂಪಾಯಿ. ನಿಮ್ಮ ಪೆಟ್ರೋಲ್ 103 ಅಂತ ಹಿಡದು ಹದಿನಾರಕ್ಕ ಭಾಗಿಸ್ರಿ, ಆರೂವರಿ ಹತ್ರ ಆಗತೈತಿ.

ಆದ್ರ ಶೋರೂಮಿನಾಗ ಯಾರೂ ಹೇಳಲಾರದ್ದು ಒಂದು ಹೇಳತೇನಿ. ಗೃಹಜ್ಯೋತಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿದ್ರ ನೂರಾ ಐವತ್ತು ಯುನಿಟ್ ಕಾರಿಗೇ ಹೋದ್ವು. ಮನಿದು ನೂರು ಇದ್ರೂ 200 ದಾಟಿತು. ದಾಟಿದ ಐವತ್ತಕ್ಕಷ್ಟ ಬಿಲ್ ಅಲ್ರಿ, ಪೂರ್ತಿ ಬಿಲ್ ನಿಮ್ಮ ಕೊರಳಿಗೆ. ನಮ್ಮ ಮನಿಯಾಗ ಸೊನ್ನಿ ಬರ್ತಿದ್ದ ಹೆಸ್ಕಾಂ ಬಿಲ್ ನೋಡಿ ನಮ್ಮಾಕಿ "ಕಾರೇನು ಎಮ್ಮಿಗತೆ ತಿನ್ನಾಕತ್ತೈತಿ" ಅಂದ್ಲು. ಚಾವಣಿ ಮ್ಯಾಲೆ 3 ಕಿಲೋವ್ಯಾಟ್ ಸೋಲಾರ್ ಹಾಕ್ಸಿದ್ರ ಪಿಎಂ ಸೂರ್ಯಘರ್‌ನಿಂದ 78,000 ಸಬ್ಸಿಡಿ ಐತಿ. ಅದನ್ನ ಕೂಡಿಸಿ ಲೆಕ್ಕ ಹಾಕ್ರಿ.

ಮತ್ತ ಮಿರಜ. ಬೇಸಿಗಿಯೊಳಗ ಎ.ಸಿ. ಹಾಕ್ಕೊಂಡು ಹೋಗಿ ಬರಾಕ ಸಣ್ಣ ಬ್ಯಾಟರಿಗೆ ತ್ರಾಸ ಆಗತೈತಿ. ಪೇಶಂಟ್ ಕುಂದರಿಸ್ಕೊಂಡು ಚಾರ್ಜರ್ ಹುಡುಕೋದು ನನಗಂತೂ ಬ್ಯಾಡ.

ನಿಪ್ಪಾಣಿ_ಟ್ಯಾಕ್ಸಿ:

ಸಿಎನ್‌ಜಿ ನನ್ನ ಗಾಡಿಗೆ ಐತ್ರಿ, ದಿನಾ ಮುನ್ನೂರು ಕಿಲೋಮೀಟರ್ ಓಡಸಾಂವಗ ಛಲೋ. ನಿಮಗ ಬ್ಯಾಡ. ಡಿಕ್ಕಿ ಪೂರಾ ಸಿಲಿಂಡರಿಗೇ ಹೋಗತೈತಿ, ಆರ್‌ಸಿ ಬುಕ್ಕಿನಾಗ ಆರ್‌ಟಿಓ ಕಡೆಯಿಂದ ಬರಸಬೇಕು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು. ಪಂಪಿನ ಮುಂದ ಪಾಳಿ ಹಚ್ಚೋದಂತೂ ಕೇಳಬ್ಯಾಡ್ರಿ.

ನಿವೃತ್ತ_ಬೆಳಗಾವಿ:

ಚರ್ಚೆ ಓದಿ ಸಂತೋಷವಾಯಿತು. ಎಣ್ಣೆ ಮುಗಿದೇ ಹೋಗುತ್ತದೆ ಎಂದು ನಾನು ಶಾಲೆಯಲ್ಲಿದ್ದಾಗಿನಿಂದ ಕೇಳುತ್ತ ಬಂದಿದ್ದೇನೆ. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದಾಗ ಪೀಪಾಯಿಗೆ ಮೂರು ಡಾಲರ್ ಇದ್ದದ್ದು ಕೆಲವೇ ತಿಂಗಳಲ್ಲಿ ಹನ್ನೊಂದು-ಹನ್ನೆರಡಕ್ಕೆ ಏರಿತ್ತು. ಮರುವರ್ಷ ಬಾಂಬೆ ಹೈ ಸಿಕ್ಕಿತು, ಇನ್ನು ಚಿಂತೆಯಿಲ್ಲ ಎಂದೆವು. ಇವತ್ತು ಕಚ್ಚಾತೈಲದ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ಹೊರಗಿನಿಂದಲೇ ಬರುತ್ತಿದೆ. ನಮ್ಮದೇ ರಾಜ್ಯದ ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದು ನೆಲದಡಿ ಎಣ್ಣೆ ತುಂಬಿಟ್ಟಿದ್ದಾರೆ. ವಿಶಾಖಪಟ್ಟಣದ್ದೂ ಸೇರಿ 53 ಲಕ್ಷ ಟನ್. ಇಡೀ ದೇಶಕ್ಕೆ ಅದು ಒಂಬತ್ತು-ಹತ್ತು ದಿನಕ್ಕೆ ಸಾಕಾದೀತು. ಹೀಗಾಗಿ ಎಥೆನಾಲನ್ನು ಬರೀ ಫ್ಯಾಕ್ಟರಿಯವರ ಲಾಭ ಎಂದು ತಳ್ಳಿಹಾಕಲಾರೆ.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಶನ್ ಬಂದಾಗ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದವು. ಹಿಂದೆ ಒಂದು ದೊಡ್ಡ ಡ್ರಮ್ಮು, ಹೊರಡುವ ಮುಂಚೆ ಕ್ಲೀನರ್ ಹಿಡಿಕೆ ತಿರುಗಿಸಿ ಕೆಂಡ ಊದಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯುತ್ತಿದ್ದರಂತೆ. ನಮ್ಮ ತಂದೆಯವರು ನಗುತ್ತ ಹೇಳುತ್ತಿದ್ದರು. ಪೆಟ್ರೋಲ್ ಮತ್ತೆ ಸಿಕ್ಕಿದ್ದೇ ತಡ, ಡ್ರಮ್ಮುಗಳು ಗುಜರಿಗೆ.

ಸ್ಪ್ಯಾನರ್_ಜಮಖಂಡಿ:

ಅಜ್ಜಾರ, ಆ ಡ್ರಮ್ಮು ಈಗ ಸಿಕ್ರ ನಾ ಗ್ಯಾರೇಜಿನ ಮುಂದ ಇಡ್ತಿದ್ನಿ.

ಕಬ್ಬಿನಪಡ_ಮುಧೋಳ:

ಎಲ್ಲಾರಿಗೂ ಉಪಕಾರ ಆತ್ರಿ. ಅಜ್ಜಾರ ಮಾತು ಒಪ್ಪತೇನಿ, ಹೊರಗಿನ ಎಣ್ಣಿ ನಂಬಿ ಕುಂದರಾಕ ಬರಂಗಿಲ್ಲ. ಆದ್ರ ಎಥೆನಾಲಿಗೆ ಅಂತ ಇದ್ದ ನೀರೆಲ್ಲಾ ಕಬ್ಬಿಗೇ ಹಾಕಿ ನಮ್ಮ ಘಟಪ್ರಭಾ ದಂಡಿಯ ಹೊಲ ಉಪ್ಪೇರಿ, ನೀರು ನಿಂತು ಸವಳು-ಜವಳು ಆಗಾಕತ್ತಾವ, ಅದರ ಲೆಕ್ಕ ಯಾವ ಲೀಟರಿನಾಗೂ ಬರಂಗಿಲ್ಲ. ಗೋವಿನಜೋಳದ ಎಥೆನಾಲಿಗೆ 71 ರೂಪಾಯಿ 86 ಪೈಸೆ ಅಂತ ಕೇಳಿ ನಮ್ಮೂರಾಗ ಭಾಳ ಮಂದಿ ಅದಕ್ಕ ಹೊಳ್ಳಿದ್ರು. ಕ್ವಿಂಟಲ್ಲಿಗೆ 2,400 ಬೆಂಬಲ ಬೆಲೆ ಇದ್ರೂ ಹೋದ ಹಂಗಾಮಿನಾಗ ಅಡತಿಯೊಳಗ ಅದರ ಹತ್ರಾನೂ ಬರಲಿಲ್ಲ.

ಬಾಟ್ಲಿ ಪರೀಕ್ಷಾ ಮಾಡೇನ್ರಿ, ಗೆರಿ ಬಿದ್ದಿಲ್ಲ. ಪೈಪ್ ಮಾತ್ರ ಉಗುರಿಗೆ ಅಂಟತೈತಿ. ಜಮಖಂಡಿಗೆ ಬುಧವಾರ ಬಂದ್ರ ನೀವು ಗ್ಯಾರೇಜಿನಾಗ ಇರ್ತೀರೇನು? ಕಾರು ಇಟ್ಕೋತೇನಿ. ಅಂಗಡಿಗೆ ಹೋಗಿ ಬರಾಕ ಬ್ಯಾಟರಿ ಸ್ಕೂಟರ್ ನೋಡಾಕತ್ತೇನಿ, ಅದಕ್ಕ ತಿಂಗಳಿಗೆ ಮೂವತ್ತು ಯುನಿಟ್ ಒಳಗ ಸಾಕಾಗತೈತಿ ಅಂತಾರ. ಗೃಹಜ್ಯೋತಿ ಉಳೀತೈತಿ, ಮಗನ ಬಾಯೂ ಮುಚ್ಚತೈತಿ. ಗಾಡಿ ಚಾರ್ಜಿಗೆ ಬ್ಯಾರೆ ಮೀಟರ್ ತಗೊಂಡವರು ಬಾಗಲಕೋಟಿ ಜಿಲ್ಲಾದಾಗ ಯಾರರ ಇದ್ರ ಹೆಂಗ ಅರ್ಜಿ ಹಾಕಿದ್ರಿ ಅಂತ ತಿಳಸ್ರಿ.