ಆಲೆಮನೆಯ 12 ವೋಲ್ಟ್ ದೀಪ: ಬ್ಯಾಟರಿ ತುಂಬಿದಾಗಲೇ ಎಲ್‌ಇಡಿ ಸುಡುವುದೇಕೆ?

ಕಬ್ಬಿನ ಗದ್ದೆ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಆಲೆಮನೆ. ರಾತ್ರಿ ಕರೆಂಟ್ ಹೋದರೆ ಪಾಕದ ಬಣ್ಣ ಕಾಣುವುದಿಲ್ಲ. ಹದ ತಪ್ಪಿದರೆ ಇಡೀ ಕೊಪ್ಪರಿಗೆಯ ಬೆಲ್ಲ ಕಪ್ಪಾಗುತ್ತದೆ. ಅದಕ್ಕಾಗಿ ಸೋಲಾರ್‌ನಿಂದ ಚಾರ್ಜ್ ಆಗುವ 12 ವೋಲ್ಟ್ ಬ್ಯಾಟರಿಗೆ ಒಂದು ವ್ಯಾಟಿನ ಮೂರು ಬಿಳಿ ಎಲ್‌ಇಡಿಗಳನ್ನು ಸೀರೀಸ್‌ನಲ್ಲಿ ಜೋಡಿಸಿ, 10 ಓಮ್ ರೆಸಿಸ್ಟರ್ ಹಾಕಿ, ಕೊಪ್ಪರಿಗೆಯ ಮೇಲೆಯೇ ತೂಗುಹಾಕಿದ್ದೇವೆ. ಬ್ಯಾಟರಿ ಇಳಿದಾಗ ದೀಪ ಮಂಕು. ಚಾರ್ಜ್ ಆಗುತ್ತಿರುವಾಗ ಹಾಕಿದರೆ ಕಣ್ಣು ಕೋರೈಸುತ್ತದೆ, ರೆಸಿಸ್ಟರ್ ಮುಟ್ಟಲು ಆಗುವುದಿಲ್ಲ. ಈ ಹಂಗಾಮಿನಲ್ಲಿ ಒಂದು ಸಾಲು ಸುಟ್ಟೇ ಹೋಯಿತು. ವೋಲ್ಟೇಜನ್ನು 12ರಲ್ಲೇ ಹಿಡಿದಿಡುವ 7812 ರೆಗ್ಯುಲೇಟರ್ ಹಾಕಿದರೆ ಸಾಕೇ? ಅಂಗಡಿಯವರು ‘ಡ್ರೈವರ್ ಹಾಕಿ’ ಎನ್ನುತ್ತಾರೆ. ಅದು ಕರೆಂಟನ್ನು ಹಿಡಿದಿಡುವುದಾದರೂ ಹೇಗೆ?

ಬೆಸುಗೆ ಮೇಷ್ಟ್ರು, ಮೈಸೂರು

ಒಳ್ಳೆಯ ಪ್ರಶ್ನೆ ತಮ್ಮಾ. ಐಟಿಐಯಲ್ಲಿ ಪಾಠ ಮಾಡುವಾಗ ಪ್ರತಿ ತಂಡಕ್ಕೂ ನಾನು ಮೊದಲು ಹೇಳುತ್ತಿದ್ದ ಮಾತನ್ನೇ ನಿನಗೂ ಹೇಳುತ್ತೇನೆ: ಎಲ್‌ಇಡಿಯನ್ನು ವೋಲ್ಟೇಜ್ ಲೆಕ್ಕದಲ್ಲಿ ಉರಿಸಬೇಡ, ಕರೆಂಟ್ ಲೆಕ್ಕದಲ್ಲಿ ಉರಿಸು.

ನಿನ್ನ ದೀಪದ ಲೆಕ್ಕವನ್ನೇ ನೋಡು. ಬಿಳಿ ಎಲ್‌ಇಡಿಗೆ ಸುಮಾರು 3.2 ವೋಲ್ಟ್, ಮೂರಕ್ಕೆ 9.6. ಬ್ಯಾಟರಿ 12.5ರಲ್ಲಿದ್ದರೆ ರೆಸಿಸ್ಟರ್ ಪಾಲಿಗೆ 2.9 ವೋಲ್ಟ್, ಕರೆಂಟ್ 290 ಮಿಲಿ ಆಂಪಿಯರ್. ಸರಿಯಾಗಿದೆ. ಚಾರ್ಜ್ ಆಗುವಾಗ ಬ್ಯಾಟರಿ 14.4ಕ್ಕೆ ಏರುತ್ತದೆ. ಆಗ ರೆಸಿಸ್ಟರ್ ಮೇಲೆ 4.8 ವೋಲ್ಟ್, ಕರೆಂಟ್ 480ರ ಹತ್ತಿರ. ಈ ಎಲ್‌ಇಡಿಗಳಿಗೆ ಸಾಮಾನ್ಯವಾಗಿ ಹೇಳುವ ಮಿತಿ 350. ಬ್ಯಾಟರಿ 11.5ಕ್ಕೆ ಇಳಿದರೆ 190 ಮಾತ್ರ. ಬ್ಯಾಟರಿಯಲ್ಲಿ ಕಾಲು ಪಾಲಿನಷ್ಟು ಏರುಪೇರಾದರೆ ಕರೆಂಟಿನಲ್ಲಿ ಎರಡೂವರೆ ಪಟ್ಟು ಏರುಪೇರು. ಇದಕ್ಕೆ ಬಿಸಿಯೂ ಸೇರುತ್ತದೆ. ಎಲ್‌ಇಡಿ ಕಾದಷ್ಟೂ ಅದರ ವೋಲ್ಟೇಜ್ ಡಿಗ್ರಿಗೆ ಒಂದೆರಡು ಮಿಲಿವೋಲ್ಟ್ ಇಳಿಯುತ್ತದೆ, ಕರೆಂಟ್ ಇನ್ನೂ ಏರುತ್ತದೆ. ನೀನು ತೂಗುಹಾಕಿರುವುದೋ ಕುದಿಯುವ ಕೊಪ್ಪರಿಗೆಯ ಮೇಲೆ!

7812 ಹಾಕಿದರೆ ಸುಡುವುದು ತಪ್ಪುತ್ತದೆ, ಮಂಕು ತಪ್ಪುವುದಿಲ್ಲ. ಕೆಲಸ ಮಾಡಲು ಅದರ ಪಾಲಿಗೇ ಸುಮಾರು 2 ವೋಲ್ಟ್ ಬೇಕು. ಬ್ಯಾಟರಿ 14ರ ಕೆಳಗೆ ಬಂದೊಡನೆ ಅದು ಕೈಚೆಲ್ಲುತ್ತದೆ.

ಡ್ರೈವರ್ ಮಾಡುವ ಕೆಲಸ ಬೇರೆ. ಎಲ್‌ಇಡಿಯ ದಾರಿಯಲ್ಲೇ ಒಂದು ಪುಟ್ಟ ಸೆನ್ಸ್ ರೆಸಿಸ್ಟರ್ ಕೂರಿಸಿ, ಅದರ ಮೇಲೆ ಬೀಳುವ ವೋಲ್ಟೇಜನ್ನು ತನ್ನೊಳಗಿನ ರೆಫರೆನ್ಸ್‌ಗೆ, ಅಂದರೆ ನಿಗದಿತ ವೋಲ್ಟೇಜಿಗೆ, ಹೋಲಿಸಿ ನೋಡುತ್ತಲೇ ಇರುತ್ತದೆ. ಬ್ಯಾಟರಿ ಎಷ್ಟಿದೆ, ಎಲ್‌ಇಡಿ ಎಷ್ಟು ಕಾದಿದೆ ಎಂಬುದು ಅದಕ್ಕೆ ಬೇಕಿಲ್ಲ. ಪಿಟಿ4115 ಎಂಬ ಡ್ರೈವರ್ ಐಸಿಯನ್ನು ತೆಗೆದುಕೋ. ಅದರ ರೆಫರೆನ್ಸ್ 0.1 ವೋಲ್ಟ್. 0.33 ಓಮ್ ಹಾಕಿದರೆ 0.1 ಭಾಗಿಸು 0.33, ಅಂದರೆ ಸುಮಾರು 300 ಮಿಲಿ ಆಂಪಿಯರ್. ಒಳಗಿನ ಸ್ವಿಚ್ ಆನ್ ಆದಾಗ ಇಂಡಕ್ಟರ್ (ತಂತಿ ಸುರುಳಿ) ಮೂಲಕ ಕರೆಂಟ್ ಮೆಲ್ಲನೆ ಏರುತ್ತದೆ. ಸೆನ್ಸ್ ವೋಲ್ಟೇಜ್ 115 ಮಿಲಿವೋಲ್ಟ್‌ನ ಆಸುಪಾಸಿಗೆ ಬಂದೊಡನೆ ಸ್ವಿಚ್ ಆಫ್. ಇಂಡಕ್ಟರಿನಲ್ಲಿ ತುಂಬಿದ ಶಕ್ತಿ ಡಯೋಡ್ ಮೂಲಕ ಸುತ್ತಿ ಎಲ್‌ಇಡಿಗೇ ಹರಿಯುತ್ತಿರುತ್ತದೆ. ಕರೆಂಟ್ ಇಳಿದು ಸೆನ್ಸ್ ವೋಲ್ಟೇಜ್ 85 ಮಿಲಿವೋಲ್ಟ್‌ನ ಬಳಿಗೆ ಬಂದಾಗ ಮತ್ತೆ ಆನ್. ಸೆಕೆಂಡಿಗೆ ಲಕ್ಷಾಂತರ ಸಲ ಹೀಗೆ ನಡೆಯುವುದರಿಂದ ಕಣ್ಣಿಗೆ ಮಿನುಗು ಕಾಣುವುದಿಲ್ಲ, ಸರಾಸರಿ ಮಾತ್ರ 300ರಲ್ಲೇ ನಿಲ್ಲುತ್ತದೆ. ಎಷ್ಟು ಸೊಗಸಾದ ಏರ್ಪಾಡು ನೋಡು! ನಿನ್ನ 10 ಓಮ್ ರೆಸಿಸ್ಟರ್ 14.4 ವೋಲ್ಟ್‌ನಲ್ಲಿ 2.3 ವ್ಯಾಟ್ ಸುಡುತ್ತಿತ್ತು. ಈ 0.33 ಓಮ್ ಸುಡುವುದು 0.03 ವ್ಯಾಟ್.

ರೇಡಿಯೋ ರಿಪೇರಿ, ಮದ್ದೂರು

ಎಲ್‌ಎಂ317 ರೆಗ್ಯುಲೇಟರ್ ಐಸಿ ಒಂದು, ರೆಸಿಸ್ಟರ್ ಒಂದು ಸಾಕಲ್ಲವೇ ಮೇಷ್ಟ್ರೇ? ಅದರ ರೆಫರೆನ್ಸ್ 1.25 ವೋಲ್ಟ್ ಭಾಗಿಸು 4.2 ಓಮ್, 300 ಬರುತ್ತದೆ. ಇಂಡಕ್ಟರ್ ಹುಡುಕುವ ತಾಪತ್ರಯವಿಲ್ಲ.

ಬೆಸುಗೆ ಮೇಷ್ಟ್ರು, ಮೈಸೂರು

ತತ್ವ ಅದೇ, ಒಪ್ಪುತ್ತೇನೆ. ಆದರೆ ಇಲ್ಲಿ ನಡೆಯುವುದಿಲ್ಲ. ಸೆನ್ಸ್‌ಗೆ 1.25, ಐಸಿಗೆ ಇನ್ನೂ ಸುಮಾರು 2 ವೋಲ್ಟ್. 9.6 ಸೇರಿಸಿದರೆ 12.8 ದಾಟಿತು. ಬ್ಯಾಟರಿ 12ಕ್ಕೆ ಬಂದಾಗ, ಅಂದರೆ ನಡುರಾತ್ರಿ ಪಾಕ ಇಳಿಸುವ ಹೊತ್ತಿಗೆ, ದೀಪ ಮಂಕಾಗುತ್ತದೆ. ಎಲ್‌ಇಡಿ ಎರಡಕ್ಕೆ ಇಳಿಸಿದರೆ ನಡೆಯುತ್ತದೆ, ಬೆಳಕಿನಲ್ಲಿ ಮೂರನೇ ಒಂದು ಪಾಲು ನಷ್ಟ. ರೈತನ ಬ್ಯಾಟರಿಯ ಶಕ್ತಿಯನ್ನು ಹೀಟ್‌ಸಿಂಕ್ ಕಾಯಿಸಲು ಖರ್ಚು ಮಾಡುವುದು ನನಗೆ ಮನಸ್ಸಿಗೆ ಒಪ್ಪದು.

ರೇಡಿಯೋ ರಿಪೇರಿ, ಮದ್ದೂರು

ಸರಿ, ಒಪ್ಪಿದೆ. ಹಾಗಾದರೆ ತಮ್ಮನಿಗೆ ಒಂದು ಮಾತು: ಡಯೋಡ್ ಶಾಟ್ಕಿ ಎಂಬ ವೇಗದ ಬಗೆಯದ್ದೇ ಆಗಬೇಕು, ಎಸ್ಎಸ್24 ತರಹದ್ದು. ಕೈಗೆ ಸಿಕ್ಕಿತೆಂದು ಸಾಮಾನ್ಯ 4007 ಡಯೋಡ್ ಹಾಕಬೇಡಿ. ಈ ವೇಗಕ್ಕೆ ಅದು ಸಾಲದು, ಕಾದು ಹೋಗುತ್ತದೆ. ಬ್ಯಾಟರಿಯಿಂದ ವೈರ್ ಉದ್ದವಿದ್ದರೆ ಐಸಿಯ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ.

ಕಬ್ಬಿನ ಗದ್ದೆ, ಪಾಂಡವಪುರ

ಇಬ್ಬರಿಗೂ ವಂದನೆ. ಪಿಟಿ4115 ಇರುವ ಸಿದ್ಧ ಬೋರ್ಡ್ ಸಿಕ್ಕಿದೆ. ಅದು ನಿಜಕ್ಕೂ 300 ಕೊಡುತ್ತಿದೆಯೇ ಎಂದು ವೈರ್ ಕತ್ತರಿಸದೆ ತಿಳಿಯಬಹುದೇ? ನನ್ನ ಬಳಿ ಸಾಧಾರಣ ಮಲ್ಟಿಮೀಟರ್ ಇದೆ. ಇನ್ನೊಂದು ಪ್ರಶ್ನೆ: ಇದೇ ಬೋರ್ಡಿಗೆ ಇನ್ನೊಂದು ಸಾಲನ್ನು ಪ್ಯಾರಲಲ್ ಆಗಿ ಸೇರಿಸಬಹುದೇ?

ಬೆಸುಗೆ ಮೇಷ್ಟ್ರು, ಮೈಸೂರು

ತಿಳಿಯಬಹುದು. ಬೋರ್ಡಿನ ಮೇಲೆ ‘ಆರ್330’ ಎಂದು ಬರೆದ ಕಪ್ಪು ಚೌಕವಿರುತ್ತದೆ, ಅದೇ 0.33 ಓಮ್. ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ತಿರುಗಿಸಿ ಅದರ ಎರಡು ತುದಿಗೆ ಪಿನ್ ಮುಟ್ಟಿಸು. 100ರ ಆಸುಪಾಸು ತೋರಿಸಿದರೆ 300 ಹರಿಯುತ್ತಿದೆ. ಬ್ಯಾಟರಿ ಇಳಿದಾಗಲೂ ಚಾರ್ಜಿನಲ್ಲಿರುವಾಗಲೂ ಅಳೆದು ನೋಡು.

ಪ್ಯಾರಲಲ್ ಬೇಡ. ಬೋರ್ಡ್ ನೋಡುವುದು ಒಟ್ಟು ಕರೆಂಟನ್ನು ಮಾತ್ರ, ಯಾವ ಸಾಲು ಎಷ್ಟು ಎಳೆಯಿತೆಂದು ಅದಕ್ಕೆ ಗೊತ್ತಾಗುವುದಿಲ್ಲ. ಹೆಚ್ಚು ಕಾದ ಸಾಲೇ ಹೆಚ್ಚು ಎಳೆಯುತ್ತದೆ. ಪ್ರತಿ ಸಾಲಿಗೂ ಪ್ರತ್ಯೇಕ ಬೋರ್ಡ್ ಹಾಕು. ಎಲ್‌ಇಡಿಗಳನ್ನು ಥರ್ಮಲ್ ಪೇಸ್ಟ್ ಹಚ್ಚಿ ಅಲ್ಯೂಮಿನಿಯಂ ಪಟ್ಟಿಗೆ ಬಿಗಿ. ಕೊಪ್ಪರಿಗೆಯ ಮೇಲಿಂದ ತೆಗೆದು, ಹಬೆ ತಾಗದಂತೆ ಪಕ್ಕದ ಗೋಡೆಯಿಂದ ಓರೆಯಾಗಿ ಬೆಳಕು ಬೀಳುವ ಹಾಗೆ ಕಟ್ಟು.