ಸ್ಕೆಚ್‌ಬುಕ್ಕಿನ ಆ ಪುಟ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಕಲಾಶಾಲೆಯಲ್ಲಿ ಸಹಪಾಠಿಯೊಬ್ಬನನ್ನು ಪ್ರೀತಿಸಿದ್ದೆ. ಅವನ ಸ್ಕೆಚ್‌ಬುಕ್ಕಿನಲ್ಲಿ ಕಂಡ ಸಂಯೋಜನೆಯೊಂದನ್ನು ನನ್ನ ಕ್ಯಾನ್ವಾಸಿಗೆ ತಂದು, ಅಂತಿಮ ವರ್ಷದ ಪ್ರದರ್ಶನದಲ್ಲಿ ಅವನನ್ನು ಹಿಂದಿಕ್ಕಿ ಬಹುಮಾನ ಪಡೆದೆ. ಅವನು ಏನೂ ಕೇಳಲಿಲ್ಲ; ನಾವು ದೂರವಾದೆವು. 26 ವರ್ಷಗಳ ನಂತರ ತನ್ನ ಚಿತ್ರಪ್ರದರ್ಶನಕ್ಕೆ ಆಹ್ವಾನ ಕಳುಹಿಸಿದ್ದಾನೆ. ಹೋಗಿ ಕ್ಷಮೆ ಕೇಳಲೇ, ಸುಮ್ಮನಿರಲೇ?

ಸೋದರಿ, ಬಹುಕಾಲ ಚಿತ್ರಕಲೆ ಕಲಿಸಿದವಳಾಗಿ ಇದನ್ನು ಬರೆಯುತ್ತಿದ್ದೇನೆ. ಒಬ್ಬರೇ ರೂಪದರ್ಶಿಯನ್ನು ಒಂದೇ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ನಿಂತು ಚಿತ್ರಿಸುವ ಇಬ್ಬರು ವಿದ್ಯಾರ್ಥಿಗಳ ಗೆರೆಗಳು ಕೆಲವೇ ತಿಂಗಳಲ್ಲಿ ಒಂದನ್ನೊಂದು ಹೋಲತೊಡಗುತ್ತವೆ. ಅವರ ನಡುವೆ ಪ್ರೀತಿಯೂ ಇದ್ದರೆ ಯಾವುದು ಯಾರದೆಂದು ಅವರಿಗೇ ತಿಳಿಯದು. ಚಿತ್ರಕಾರರಾದ ಪಿಕಾಸೊ ಮತ್ತು ಬ್ರಾಕ್, ವಸ್ತುವನ್ನು ಕೋನಾಕಾರದ ತುಣುಕುಗಳಾಗಿ ಒಡೆದು ತೋರಿಸುವ ಕ್ಯೂಬಿಸಂ ಶೈಲಿಯನ್ನು ಕಟ್ಟುತ್ತಿದ್ದ ದಿನಗಳಲ್ಲಿ, ಅಂದರೆ 1914ರ ಯುದ್ಧ ಅವರನ್ನು ಬೇರ್ಪಡಿಸುವ ಮುನ್ನ, ಎಷ್ಟೋ ಚಿತ್ರಗಳ ಮುಂಭಾಗದಲ್ಲಿ ಸಹಿಯನ್ನೇ ಹಾಕಲಿಲ್ಲ. ಆದರೆ ಅಲ್ಲಿ ಇಬ್ಬರ ಒಪ್ಪಿಗೆಯೂ ಇತ್ತು. ನೀವು ಅದನ್ನು ಕೇಳಲಿಲ್ಲ. ಬಣ್ಣ ಹಚ್ಚುವ ರೀತಿ ಒಬ್ಬರಿಂದ ಒಬ್ಬರಿಗೆ ಅಂಟಿಕೊಳ್ಳುವುದು ಸಹಜ; ಆಕೃತಿಗಳನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಖಾಲಿ ಬಿಡಬೇಕು ಎಂದು ಇನ್ನೊಬ್ಬರು ತಿಂಗಳುಗಟ್ಟಲೆ ಯೋಚಿಸಿದ್ದನ್ನು ಇಡಿಯಾಗಿ ಎತ್ತಿಕೊಳ್ಳುವುದು ಸಹಜವಲ್ಲ. ಆದ್ದರಿಂದ ಕ್ಷಮೆ ಕೇಳಿ, ಉದ್ಘಾಟನೆಯ ದಿನ ಮಾತ್ರ ಬೇಡ. ಅಂದು ಬಂದವರೆಲ್ಲರ ಗಮನ ಅವರ ಚಿತ್ರಗಳ ಮೇಲೆಯೇ ಇರಬೇಕು. ಮೊದಲೇ ಪತ್ರ ಬರೆಯಿರಿ. ಅದರಲ್ಲಿ ವಯಸ್ಸನ್ನಾಗಲೀ ಪ್ರೀತಿಯನ್ನಾಗಲೀ ನೆಪವಾಗಿ ತರಬೇಡಿ.
— ನಿವೃತ್ತ ಕಲಾ ಅಧ್ಯಾಪಕಿ

ನಾನು ಆ ಹುಡುಗನ ಜಾಗದಲ್ಲಿ ನಿಂತವನು. ಶಿಲ್ಪ ವಿಭಾಗದಲ್ಲಿ ನನ್ನ ಮಣ್ಣಿನ ಮಾದರಿಯ ಭಂಗಿ, ನಾನು ಪ್ರೀತಿಸುತ್ತಿದ್ದವಳ ಕೃತಿಯಲ್ಲಿ ಕಾಣಿಸಿಕೊಂಡಿತು. ಬಹುಮಾನ ತಪ್ಪಿದ ನೋವು ವರ್ಷದೊಳಗೆ ಆರಿತು. ಅಂದಿನಿಂದ ಆಕೆ ನನ್ನ ಕೆಲಸ ನೋಡಲು ಬರುವುದನ್ನೇ ನಿಲ್ಲಿಸಿದ್ದು ಮಾತ್ರ ಇಂದಿಗೂ ನೋಯಿಸುತ್ತದೆ, ಏಕೆಂದರೆ ನನ್ನ ತಪ್ಪುಗಳನ್ನು ಅವಳಷ್ಟು ನೇರವಾಗಿ ಹೇಳುವವರು ಮತ್ತೆ ಸಿಗಲಿಲ್ಲ. ದಯವಿಟ್ಟು ಹೋಗಿ, ಪ್ರತಿ ಚಿತ್ರದ ಮುಂದೆಯೂ ನಿಂತು ನೋಡಿ.
— ಒಬ್ಬ ಶಿಲ್ಪಿ

ನಿಮ್ಮ ಪತ್ರದಲ್ಲಿ ಪ್ರೀತಿಯೂ ಋಣವೂ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಜರ್ಮನ್ ಚಿತ್ರಕಲಾವಿದೆ ಗಾಬ್ರಿಯೆಲೆ ಮ್ಯುಂಟರ್ 1902ರಲ್ಲಿ ಮ್ಯೂನಿಕ್‌ನಲ್ಲಿ ರಷ್ಯನ್ ಚಿತ್ರಕಾರ ಕ್ಯಾಂಡಿನ್ಸ್ಕಿಯವರ ವಿದ್ಯಾರ್ಥಿನಿಯಾಗಿ, ಬಳಿಕ ಸಂಗಾತಿಯಾಗಿ ಬಾಳಿದರು. 1917ರಲ್ಲಿ ಆತ ಬೇರೊಬ್ಬರನ್ನು ಮದುವೆಯಾದರು. ಆಕೆಯ ಬಳಿ ಉಳಿದಿದ್ದ ಆತನ ಕೃತಿಗಳ ಬಗ್ಗೆ ವರ್ಷಗಟ್ಟಲೆ ತಕರಾರು ನಡೆಯಿತು. ಆದರೂ ತಮ್ಮಲ್ಲಿ ಉಳಿದ ಚಿತ್ರಗಳನ್ನು ಇಂಥ ಆಧುನಿಕ ಕಲೆಯನ್ನು ಹತ್ತಿಕ್ಕುತ್ತಿದ್ದ ನಾಜಿಗಳ ಕಾಲದಲ್ಲಿ ಮುರ್ನೌ ಊರಿನ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ ಆಕೆ, 1957ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಅವನ್ನು ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯಕ್ಕೆ ಒಪ್ಪಿಸಿದರು. ಮುರಿದ ಪ್ರೀತಿಯನ್ನು ಆ ಕೆಲಸ ಮತ್ತೆ ಕೂಡಿಸಲಿಲ್ಲ, ಕೂಡಿಸಬೇಕಾಗಿಯೂ ಇರಲಿಲ್ಲ. ನೀವೂ ಹಳೆಯ ಪ್ರೀತಿ ಮರಳುವುದೇ ಎಂಬ ಪ್ರಶ್ನೆಯನ್ನು ಬದಿಗಿಡಿ. ಬಹುಮಾನದ ಆ ಕ್ಯಾನ್ವಾಸ್ ಇನ್ನೂ ನಿಮ್ಮಲ್ಲಿದ್ದರೆ, ಅದರ ಹಿಂಬದಿಯಲ್ಲಿ ಸಂಯೋಜನೆ ಯಾರದೆಂದು ಹೆಸರು ಸಹಿತ ಬರೆದು, ದಿನಾಂಕ ಹಾಕಿ, ಅದರ ಫೋಟೊವನ್ನು ಪತ್ರದ ಜೊತೆಗೆ ಅವರಿಗೆ ಕಳುಹಿಸಿ.
— ಚಿತ್ರಕಲೆಯ ಹಳೆಯ ವಿದ್ಯಾರ್ಥಿನಿ